ಬೊಮ್ಮನಹಳ್ಳಿಯ ಸೀಸಿಯಂ ಗಡಿಯಾರ

ಹಗರಿಬೊಮ್ಮನಹಳ್ಳಿಯ ಕಾಲೇಜಿನಿಂದ ಫೋನು ಬಂದಾಗ ನಾನು ಹಡಗಲಿಯ ನಮ್ಮ ಮನೆಯ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಮಾತಾಡಿದವರು ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕರು, ಕೂಡ್ಲಿಗಿ ಕಡೆಯವರು.

"ಮೇಡಂ, ನೀವು ಸರ್ಕಾರಿ ಲ್ಯಾಬಿನ್ಯಾಗ ಗಡಿಯಾರದ ಸೆಕ್ಷನ್‌ದಾಗ ಇದ್ರಂತಲ್ರಿ. ನಮ್ಮ ಹತ್ರ ಒಂದು ಹಳೇ ಸೀಸಿಯಂ ಗಡಿಯಾರ ಐತಿ. ಮೂರು ವರ್ಷದಿಂದ ಬಂದ್ ಬಿದ್ದೈತಿ. ಅದನ್ನ ಚಾಲೂ ಮಾಡಬೇಕಾಗೈತ್ರಿ."

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಸ್ವಿಚ್ ಹಾಕಿ ನೋಡೀರೇನು?"

"ಇಲ್ರಿ. ನಾಳಿ ಹಾಕೋಣು ಅಂತ ಇದ್ವಿ."

"ಹಾಕಬ್ಯಾಡ್ರಿ. ಪ್ಲಗ್ ತೆಗೆದಿಡ್ರಿ. ನಾನು ಬರತನಕ ಯಾರೂ ಮುಟ್ಟಬ್ಯಾಡ್ರಿ."

ಸೀಸಿಯಂ ಗಡಿಯಾರಕ್ಕೆ ಮುಳ್ಳು, ಗಂಟೆ ಏನೂ ಇರುವುದಿಲ್ಲ. ಅದು ಮೂವತ್ತು ಕಿಲೋ ತೂಗುವ ಒಂದು ಲೋಹದ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಮೊಳದುದ್ದದ ಕೊಳವೆ. ಕೊಳವೆಯ ಒಂದು ತುದಿಯಲ್ಲಿ ಸೀಸಿಯಂ ಲೋಹವನ್ನು ಪುಟ್ಟ ಒಲೆಯಲ್ಲಿ ಬಿಸಿಮಾಡಿದರೆ ಪರಮಾಣುಗಳು ಸಾಲುಗಟ್ಟಿ ಇನ್ನೊಂದು ತುದಿಗೆ ಹಾರುತ್ತವೆ. ದಾರಿಯಲ್ಲಿ ಅವುಗಳಿಗೆ ರೇಡಿಯೋ ಅಲೆ ತಾಗಿಸುತ್ತೇವೆ. ಅಲೆ ಸೆಕೆಂಡಿಗೆ ಒಂಬೈನೂರ ಹತ್ತೊಂಬತ್ತು ಕೋಟಿ ಇಪ್ಪತ್ತಾರು ಲಕ್ಷ ಮೂವತ್ತೊಂದು ಸಾವಿರದ ಏಳುನೂರ ಎಪ್ಪತ್ತು ಸಲ ಕಂಪಿಸಿದಾಗ ಪರಮಾಣುಗಳು ತಮ್ಮ ಸ್ಥಿತಿ ಬದಲಿಸುತ್ತವೆ, ಆ ತುದಿಯಲ್ಲಿ ಅಳೆಯುವ ಕರೆಂಟು ಏರುತ್ತದೆ. ಅದನ್ನು ಬೀಮ್ ಕರೆಂಟು ಅನ್ನುತ್ತೇವೆ. ಅದು ತುತ್ತತುದಿಯಲ್ಲೇ ನಿಲ್ಲುವಂತೆ ಪೆಟ್ಟಿಗೆಯೊಳಗಿನ ಕ್ವಾರ್ಟ್ಜ್ ಹರಳನ್ನು ಕಟ್ಟಿಹಾಕಿದರೆ ಗಡಿಯಾರ 'ಲಾಕ್' ಆಯಿತು ಎಂದರ್ಥ.

ಇದೆಲ್ಲ ನಡೆಯಬೇಕಾದರೆ ಕೊಳವೆಯೊಳಗೆ ಗಾಳಿಯ ಲವಲೇಶವೂ ಇರಬಾರದು. ಇರುವ ಅಷ್ಟಿಷ್ಟನ್ನು ಹೀರಿಕೊಳ್ಳಲು ಕೊಳವೆಗೇ ಅಂಟಿಕೊಂಡ ಅಯಾನ್ ಪಂಪ್ ಎಂಬ ಸಣ್ಣ ಭಾಗವಿರುತ್ತದೆ. ಅದು ಮೂರು ವರ್ಷ ಓಡಿಲ್ಲ ಅಂದರೆ ಒಳಗೆ ಅನಿಲ ಸೇರಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಒಲೆ ಹೊತ್ತಿಸಿದರೆ ಕೊಳವೆ ಸತ್ತಂತೆಯೇ. ಈ ಮಾದರಿಯ ಹೊಸ ಕೊಳವೆ ಈಗ ಎಲ್ಲೂ ಸಿಗುವುದಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಅಧ್ಯಾಪಕರು ಸ್ಟ್ಯಾಂಡಿಗೇ ಬಂದಿದ್ದರು. ಮೂವತ್ತೈದರ ಆಸುಪಾಸು. ಕುರಿ ಸಾಕುವ ಮನೆಯಿಂದ ಓದಲು ಹೊರಟವರಲ್ಲಿ ಅವರೇ ಮೊದಲಿಗರಂತೆ. ಕಾಲೇಜಿಗೆ ನಡೆಯುತ್ತಾ ವಿಷಯ ಹೇಳಿದರು. ದೂರದ ಊರಿನ ಪ್ರಯೋಗಾಲಯವೊಂದು ಹೊಸ ಯಂತ್ರ ತಂದಾಗ ಈ ಹಳೆಯದನ್ನು ಕಾಲೇಜಿಗೆ ಎರವಲಾಗಿ ಕೊಟ್ಟಿತ್ತು. ಅಷ್ಟರಲ್ಲಿ ಕಾಲೇಜಿನ ಕಟ್ಟಡದ ಕೆಲಸ ಶುರುವಾಗಿ ಯಂತ್ರ ಸ್ಟೋರ್ ರೂಮು ಸೇರಿತು. ಈಗ ಪ್ರಯೋಗಾಲಯದಿಂದ ಕಾಗದ ಬಂದಿದೆ: ಏಳು ವಾರದ ನಂತರ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ, ಯಂತ್ರ ಬಳಕೆಯಲ್ಲಿಲ್ಲದಿದ್ದರೆ ವಾಪಸ್ ಒಯ್ದು ಗುಜರಿಗೆ ಹಾಕುತ್ತಾರೆ.

"ಅದಲ್ದ ಮೇಡಂ, ನಾಲ್ಕು ಮಂದಿ ಎಂಎಸ್ಸಿ ಹುಡುಗ್ಯಾರು ಇದರ ಮ್ಯಾಲೇ ಪ್ರಾಜೆಕ್ಟ್ ತಗೊಂಡಾರ್ರಿ. ನಾನ ಆಸೆ ಹಚ್ಚಿದೆ. ಯಂತ್ರ ಹೋತಂದ್ರ ಅವರ ವರ್ಷ ಹೋಗ್ತೈತಿ" ಅಂದರು. ಅವರ ಮುಖದಲ್ಲಿ ನಿದ್ದೆಗೆಟ್ಟ ಕುರುಹಿತ್ತು.

ಸ್ಟೋರ್ ರೂಮಿನಲ್ಲಿ ಮುರಿದ ಬೆಂಚು, ಹಳೆಯ ಫ್ಯಾನು, ವಾರ್ಷಿಕೋತ್ಸವಕ್ಕೆ ಬಳಸುವ ದೊಡ್ಡ ಸ್ಪೀಕರ್ ಡಬ್ಬಿಗಳು, ಅವುಗಳ ನಡುವೆ ಗೋಣಿಚೀಲ ಹೊದ್ದುಕೊಂಡು ಗಡಿಯಾರ. ಗುರುತು ಹಿಡಿದೆ. ನಾನು ಇಪ್ಪತ್ತೆಂಟು ವರ್ಷ ದುಡಿದ ಮಾದರಿಯೇ. ಅದನ್ನು ಲ್ಯಾಬಿನ ಮೇಜಿಗೆ ಹೊರಿಸಿ, ಮುಚ್ಚಳ ತೆಗೆದು, ಬ್ರಷ್ಷಿನಿಂದ ಧೂಳು ಕೊಡವಿದೆ. ಮೂಲೆಯಲ್ಲಿ ಜೇಡ ಗೂಡು ಕಟ್ಟಿತ್ತು. ಉಬ್ಬಿದ ಕೆಪಾಸಿಟರುಗಳನ್ನು ಎಣಿಸಿ ಬರೆದುಕೊಂಡೆ. ಒಂದು ವಾರ ಹಿಡಿಯಿತು ಅವನ್ನೆಲ್ಲ ಬದಲಿಸಲು. ಕೊನೆಗೆ ಅಯಾನ್ ಪಂಪಿಗೆ ಮೂರೂವರೆ ಸಾವಿರ ವೋಲ್ಟ್ ಕೊಡುವ ಡಬ್ಬಿಯನ್ನು ಪರೀಕ್ಷಿಸಿದರೆ ಅದು ಸುಟ್ಟುಹೋಗಿತ್ತು. ಅದರ ಟ್ರಾನ್ಸ್‌ಫಾರ್ಮರಿನಿಂದ ಅರಗು ಕರಗಿ ಇಳಿದು ಗಟ್ಟಿಯಾಗಿತ್ತು.

ಅಧ್ಯಾಪಕರು ಕುರ್ಚಿಯಲ್ಲಿ ಕುಸಿದು ಕುಳಿತರು. ನಾನು ಕೇಳಿದೆ, "ಊರಾಗ ಹಳೇ ಟಿವಿ ರಿಪೇರಿ ಮಾಡವರು ಯಾರರ ಅದಾರೇನು? ಡಬ್ಬಿ ಟಿವಿ, ಪಿಕ್ಚರ್ ಟ್ಯೂಬ್ ಇರ್ತಿತ್ತಲ್ಲ, ಅಂಥಾದು."

ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಒಬ್ಬರಿದ್ದರು. ಟಿವಿ ಮೆಕ್ಯಾನಿಕ್ಕು, ಐವತ್ತೈದು ದಾಟಿದ ಸಾಬರು. ಅಂಗಡಿಯಲ್ಲಿ ಈಗ ಮಿಕ್ಸಿ, ಇಂಡಕ್ಷನ್ ಒಲೆಗಳ ರಾಶಿ. ನಾನು ವಿಷಯ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದರು.

"ಮೂರೂವರೆ ಸಾವಿರ ವೋಲ್ಟು, ಕರೆಂಟು ಭಾಳ ಕಮ್ಮಿ. ಹಂಗೇನ್ರಿ ಅಕ್ಕಾರ? ಅದು ಎಲ್‌ಓಟಿ ಕೆಲಸ."

ಎಲ್‌ಓಟಿ ಅಂದರೆ ಹಳೆಯ ಟಿವಿಗಳಲ್ಲಿ ಪಿಕ್ಚರ್ ಟ್ಯೂಬಿಗೆ ಭಾರೀ ವೋಲ್ಟೇಜು ಹುಟ್ಟಿಸುತ್ತಿದ್ದ ಟ್ರಾನ್ಸ್‌ಫಾರ್ಮರು. ಅದರ ಒಂದು ಕವಲಿನಲ್ಲಿ ನಮಗೆ ಬೇಕಾದಷ್ಟೇ ವೋಲ್ಟೇಜು ಸಿಗುತ್ತದೆ. ನನ್ನ ತಲೆಯಲ್ಲಿದ್ದದ್ದೂ ಅದೇ.

"ಎಷ್ಟು ವರ್ಷ ಆತ್ರಿ, ಎಲ್‌ಓಟಿ ಕೇಳ್ಕೊಂಡು ಒಬ್ರೂ ಬಂದಿಲ್ಲ" ಎನ್ನುತ್ತಾ ಅವರು ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿದರು. ಒಳಗೆ ಹನ್ನೆರಡು ಇದ್ದವು, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿಟ್ಟಿದ್ದರು. "ಒಗೀರಿ ಅಂತಾಳ್ರಿ ನಮ್ಮಾಕಿ. ನನಗ ಮನಸ್ಸಾಗಲಿಲ್ಲ."

ಆರು ದಿನದಲ್ಲಿ ಅವರು ಮರದ ಹಲಗೆಯ ಮೇಲೆ ಸಪ್ಲೈ ಕಟ್ಟಿಕೊಟ್ಟರು. ಕರೆಂಟು ಮಿತಿ ಮೀರದಂತೆ ನಾನು ಹೇಳಿದ ರೆಸಿಸ್ಟರುಗಳನ್ನು ಸಾಲಾಗಿ ಹಾಕಿ, ಮೇಲೆ ಅಕ್ರಿಲಿಕ್ ಡಬ್ಬಿ ಮುಚ್ಚಿ, "ಮುಟ್ಟಿದರೆ ನಾನು ಜವಾಬ್ದಾರನಲ್ಲ" ಎಂದು ಕೆಂಪು ಮಸಿಯಲ್ಲಿ ಬರೆದಿದ್ದರು.

ಪಂಪಿಗೆ ಮೊದಲ ಸಲ ವೋಲ್ಟೇಜು ಕೊಟ್ಟ ಬೆಳಿಗ್ಗೆ ನಾಲ್ವರು ವಿದ್ಯಾರ್ಥಿನಿಯರು, ಅಧ್ಯಾಪಕರು, ಮೆಕ್ಯಾನಿಕ್ಕು ಎಲ್ಲ ಸೇರಿದ್ದರು. ಸಾವಿರ ವೋಲ್ಟಿಗೇ ಮೀಟರಿನ ಮುಳ್ಳು ಬಲಗಡೆಯ ಗೂಟಕ್ಕೆ ಹೋಗಿ ಬಡಿಯಿತು. ಒಳಗೆ ಅಷ್ಟು ಅನಿಲ. ತೆಗೆದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅರ್ಧ ನಿಮಿಷ ಕೊಟ್ಟೆ, ತೆಗೆದೆ. ಇಡೀ ದಿನ ಅದೇ. ಸಂಜೆ ಹೊತ್ತಿಗೆ ಮುಳ್ಳು ಗೂಟ ಬಿಟ್ಟು ಒಂದು ಕೂದಲಿನಷ್ಟು ಈಚೆ ಬಂದಿತು.

"ಇಷ್ಟ ಏನ್ರಿ?" ಎಂದಳು ಹಂಪಸಾಗರದ ಹುಡುಗಿ. ನಾಲ್ವರಲ್ಲಿ ಅವಳೇ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು.

"ಇಷ್ಟ. ನಾಳಿ ಇನ್ನೊಂದೀಟು."

ನಾನು ದಿನಾ ಹಡಗಲಿಯಿಂದ ಓಡಾಡಿದೆ. ವೋಲ್ಟೇಜನ್ನು ಇನ್ನೂರಿನ್ನೂರರಂತೆ ಏರಿಸಿದೆ. ನಾಲ್ಕನೆಯ ದಿನ ಮುಳ್ಳು ಇದ್ದಕ್ಕಿದ್ದಂತೆ ಮೇಲೆ ನೆಗೆದಾಗ ಏರಿಸುವುದನ್ನು ನಿಲ್ಲಿಸಿದೆ, ಕೊಳವೆಯಲ್ಲಿ ಬಿರುಕಿದ್ದರೆ ಅಲ್ಲಿಗೆ ಎಲ್ಲ ಮುಗಿದಂತೆ. ಒಂದು ಗಂಟೆ ಕಾದೆವು. ತಾನೇ ಇಳಿಯಿತು, ಒಳಗೋಡೆಗೆ ಅಂಟಿದ್ದ ಅನಿಲದ ಗುಳ್ಳೆ ಬಿಟ್ಟುಕೊಂಡಿತ್ತು ಅಷ್ಟೆ. ಒಂಬತ್ತನೆಯ ದಿನ ಪೂರ್ತಿ ಮೂರೂವರೆ ಸಾವಿರ ವೋಲ್ಟಿನಲ್ಲಿ ಕರೆಂಟು ಹದಿನೈದು ಮೈಕ್ರೋ ಆಂಪಿಯರಿಗೆ ಬಂದು ನಿಂತಿತು. ಇಪ್ಪತ್ತರ ಒಳಗಿದ್ದರೆ ಒಲೆ ಹೊತ್ತಿಸಬಹುದು.

ಒಲೆ ಹೊತ್ತಿಸಿದೆವು. ಬೀಮ್ ಕರೆಂಟು ನಿಧಾನವಾಗಿ ಎದ್ದಿತು. ಹರಳಿನ ಆವರ್ತನವನ್ನು ಕೈಯಿಂದ ತಿರುಗಿಸುತ್ತಾ ಹೋದರೆ ಬೀಮ್ ಮೀಟರಿನ ಮುಳ್ಳು ಏಳು ಕಡೆ ಏಳುತ್ತದೆ. ನಡುವಿನದೇ ನಮಗೆ ಬೇಕಾದ್ದು. ಆ ಕಡೆ ಮೂರು, ಈ ಕಡೆ ಮೂರು ಎಣಿಸಿ, ನಡುವಿನ ಶಿಖರದ ಮೇಲೆ ನಿಲ್ಲಿಸಿ, ಲಾಕ್ ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು.

ಮೆಕ್ಯಾನಿಕ್ಕು ಮೆಲ್ಲಗೆ, "ಜೀವ ಬಂತಲ್ರಿ ಅಕ್ಕಾರ" ಅಂದರು. ಅಧ್ಯಾಪಕರು ಹೊರಗೆ ಹೋಗಿ ಎಲ್ಲರಿಗೂ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದರು.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಕೊಳವೆಯೊಳಗೆ ಪರಮಾಣುಗಳ ದಾರಿಯಲ್ಲಿ ಬೇಕೆಂದೇ ಒಂದು ತೆಳುವಾದ ಕಾಂತಕ್ಷೇತ್ರ ಇಟ್ಟಿರುತ್ತಾರೆ. ಅದು ಹೆಚ್ಚುಕಡಿಮೆಯಾದರೆ ಗಡಿಯಾರದ ನಡಿಗೆಯೂ ಹೆಚ್ಚುಕಡಿಮೆ ಆಗುತ್ತದೆ. ಮುಂಭಾಗದಲ್ಲಿ ಸಣ್ಣ ಮುಚ್ಚಳದಡಿ ಅದನ್ನು ಹೊಂದಿಸುವ ತಿರುಪಿದೆ. ಲಾಕ್ ಆದಮೇಲೆ ಆ ಕ್ಷೇತ್ರವನ್ನು ಅಳೆದು ಹೊಂದಿಸಬೇಕು. ಅದಕ್ಕೆ ಬೇಕಾದ ಸಂಕೇತ ಹುಟ್ಟಿಸುವ ಕಾಲೇಜಿನ ಸಿಗ್ನಲ್ ಜನರೇಟರ್ ರಿಪೇರಿಗೆ ಹೋಗಿತ್ತು. ಹಳೆಯ ಪ್ರಯೋಗಾಲಯದವರು ಚೀಟಿಯಲ್ಲಿ ಬರೆದು ಅಂಟಿಸಿದ್ದ ಅಂಕಿಗೇ ತಿರುಪನ್ನು ಬಿಟ್ಟು, "ಆಮೇಲೆ ನೋಡೋಣು" ಅಂದುಕೊಂಡೆ. ನಿಜ ಹೇಳಬೇಕೆಂದರೆ ಹಸಿರು ದೀಪ ನೋಡಿ ನನಗೂ ಸಾಕೆನಿಸಿತ್ತು.

ಹುಡುಗಿಯರು ಗಡಿಯಾರವನ್ನು ಜಿಪಿಎಸ್ ರಿಸೀವರಿನ ಜೊತೆ ಹೋಲಿಸಿ ಗ್ರಾಫು ಬರೆಯತೊಡಗಿದರು. ಉಪಗ್ರಹಗಳಿಂದ ಬರುವ ಸಮಯದ ಎದುರು ನಮ್ಮ ಗಡಿಯಾರ ಹೇಗೆ ನಡೆಯುತ್ತದೆ ಎಂಬುದೇ ಅವರ ಪ್ರಾಜೆಕ್ಟು. ಸರಿಯಿದ್ದರೆ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿರಬೇಕು. ಮೂರನೆಯ ದಿನ ಗೆರೆ ತುಸು ಏರಿತು. ಆರನೆಯ ದಿನ ಏರಿಕೆ ಸ್ಪಷ್ಟವಾಯಿತು. ಹನ್ನೆರಡನೆಯ ದಿನ ನಾನು ಬಸ್ಸಿಳಿದು ಹೋದಾಗ ಅಧ್ಯಾಪಕರು ಗ್ರಾಫನ್ನು ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದರು. ನಮ್ಮ ಗಡಿಯಾರ ದಿನಕ್ಕೆ ಎರಡು ಮೈಕ್ರೋಸೆಕೆಂಡು ಮುಂದೆ ಓಡುತ್ತಿತ್ತು.

ಲೋಕದ ಲೆಕ್ಕದಲ್ಲಿ ಅದು ಏನೂ ಅಲ್ಲ. ಹಾಗೆ ಓಡಿ ಒಂದು ಸೆಕೆಂಡು ತಪ್ಪಬೇಕಾದರೆ ಸಾವಿರದ ಮುನ್ನೂರು ವರ್ಷ ಮೀರಿ ಬೇಕು. ಆದರೆ ಈ ಯಂತ್ರಕ್ಕೆ ಅದು ರೋಗ. ಇದರ ಅರ್ಧಕ್ಕೂ ಕಡಿಮೆಯಲ್ಲಿರಬೇಕಿತ್ತು. ಬರುವ ಅಧಿಕಾರಿ ಮೊದಲು ನೋಡುವುದೇ ಆ ಗೆರೆಯನ್ನು.

ಅಧ್ಯಾಪಕರು ಬಾಗಿಲು ಮುಂದೆ ಮಾಡಿ ಬಂದರು. "ಮೇಡಂ, ಆ ತಿರುಪು ಐತಲ್ರಿ. ಅದನ್ನ ಸಣ್ಣಕ ತಿರುವಿದ್ರ ಗೆರೆ ಮಟ್ಟ ಆಗ್ತೈತೇನ್ರಿ?"

"ಆಗ್ತೈತಿ."

"ಮತ್ತ ತಿರುವೋಣಲ್ರಿ. ಎರಡು ವಾರ ಉಳದಾವ. ಈಗ ತಿರುವಿದ್ರ ಎರಡು ವಾರದ ಚಂದನ್ನ ಗ್ರಾಫು ಸಿಗ್ತೈತಿ."

ಅವರು ಕೇಳಿದ್ದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಗಡಿಯಾರ ತಪ್ಪಿದರೆ ತಿದ್ದುವುದು ತಾನೇ ಎಲ್ಲರೂ ಮಾಡುವುದು. ಆದರೆ ಸೀಸಿಯಂ ಗಡಿಯಾರದ ಬೆಲೆಯಿರುವುದೇ ಅದು ಇನ್ನೊಂದು ಗಡಿಯಾರವನ್ನು ನೋಡಿ ನಡೆಯುವುದಿಲ್ಲ ಎಂಬುದರಲ್ಲಿ. ಉತ್ತರ ನೋಡಿಕೊಂಡು ತಿರುಪು ತಿರುಗಿಸಿದರೆ ಅದು ಜಿಪಿಎಸ್ಸಿನ ನಕಲು ಆಗುತ್ತದೆ. ಒಳಗಿನ ರೋಗ ಒಳಗೇ ಉಳಿಯುತ್ತದೆ.

ಇಷ್ಟನ್ನು ಹೇಳಿದರೆ ಸಾಕಿತ್ತು. ಆದರೆ ಅವರ ಮುಖ ನೋಡಿ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಸುಪರ್ದಿಯ ಗಡಿಯಾರ ಹೀಗೇ ಸರಿಯತೊಡಗಿತ್ತು. ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ತಿರುಪು ತಿರುಗಿಸಿ ಗೆರೆ ಮಟ್ಟ ಮಾಡಿದೆ. ಗಡಿಯಾರದ ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ. ಗ್ರಾಫು ನೋಡಿ ಮೇಲಧಿಕಾರಿ ಹೊಗಳಿದರು. ಕೆಲವು ತಿಂಗಳ ನಂತರ ಅದರ ಕೊಳವೆ ಕೈಕೊಟ್ಟಿತು, ಅದನ್ನು ನಂಬಿ ಅಳೆದ ಉಪಕರಣಗಳೆಲ್ಲ ವಾಪಸ್ ಬಂದವು. ವಿಚಾರಣೆಯಲ್ಲಿ ಕೊಳವೆ ಕೆಟ್ಟ ವಾರ ಡ್ಯೂಟಿಯಲ್ಲಿದ್ದ ಸಹೋದ್ಯೋಗಿಯನ್ನು ನಿಲ್ಲಿಸಿ ಕೇಳಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಸುಮ್ಮನಿದ್ದೆ.

ಅಧ್ಯಾಪಕರು ಗ್ರಾಫನ್ನು ಮಡಚಿಟ್ಟರು. ಆಮೇಲೆ, "ಹಂಗಾದ್ರ ಏನು ಮಾಡೋಣ್ರಿ?" ಎಂದು ಕೇಳಿದರು.

"ರೋಗ ಹುಡುಕೋಣು. ಹನ್ನೆರಡು ದಿನದ ಲೆಕ್ಕ ಹೋತು ಅಂತ ಹುಡುಗ್ಯಾರಿಗೆ ನಾನ ಹೇಳ್ತೀನಿ. ತಪ್ಪು ನಂದೈತಿ, ಮೊದ್ಲ ಅಳೀಬೇಕಿತ್ತು."

ಹೇಳಿದೆ. ನಾಲ್ವರಲ್ಲಿ ಕೊಟ್ಟೂರಿನ ಹುಡುಗಿಯ ಕಣ್ಣಲ್ಲಿ ನೀರು ಬಂತು. ಹಂಪಸಾಗರದವಳು ಪೆನ್ನು ತೆಗೆದುಕೊಂಡು, "ಈಗ ಏನು ಅಳೀಬೇಕ್ರಿ?" ಎಂದಳು.

ಕ್ಷೇತ್ರ ಎಷ್ಟಿದೆ ಎಂದು ಪರಮಾಣುಗಳಿಂದಲೇ ತಿಳಿಯುವ ವಿಧಾನವಿದೆ. ಲಾಕ್ ತೆಗೆದು, ಕೊಳವೆಯ ಒಂದು ಸುರುಳಿಗೆ ಕಡಿಮೆ ಆವರ್ತನದ ಸಂಕೇತ ಕೊಟ್ಟು ನಿಧಾನವಾಗಿ ಬದಲಿಸುತ್ತಾ ಹೋಗಬೇಕು. ನಮ್ಮ ಕೊಳವೆಯಲ್ಲಿ ನಲವತ್ತೆರಡು ಸಾವಿರದ ಎಂಟುನೂರ ಇಪ್ಪತ್ತು ಹರ್ಟ್ಸ್ ಬಂದಾಗ ಬೀಮ್ ಕರೆಂಟಿನ ಮುಳ್ಳು ಚೂಪಾಗಿ ಏಳಬೇಕು. ಅಧ್ಯಾಪಕರು ಹರಪನಹಳ್ಳಿಯ ಸ್ನೇಹಿತರ ಕಾಲೇಜಿನಿಂದ ಬೈಕಿನ ಮೇಲೆ ಸಿಗ್ನಲ್ ಜನರೇಟರ್ ಹೊತ್ತು ತಂದರು. ಅಳೆದೆವು. ಆ ಜಾಗದಲ್ಲಿ ಮುಳ್ಳು ಮಿಸುಕಲಿಲ್ಲ. ನಲವತ್ತಾರು ಸಾವಿರದ ಹತ್ತಿರ ಎದ್ದಿತು, ಅದೂ ಚೂಪಾಗಿ ಅಲ್ಲ, ಮಣ್ಣಿನ ದಿಬ್ಬದಂತೆ ಅಗಲವಾಗಿ. ಅಂದರೆ ಕ್ಷೇತ್ರ ಹೆಚ್ಚಾಗಿದ್ದಷ್ಟೇ ಅಲ್ಲ, ಕೊಳವೆಯುದ್ದಕ್ಕೂ ಒಂದೇ ಸಮನಾಗಿಯೂ ಇರಲಿಲ್ಲ. ತಿರುಪು ತಿರುಗಿಸಿದ್ದರೆ ಈ ದಿಬ್ಬ ನಮಗೆ ಎಂದೂ ಕಾಣುತ್ತಿರಲಿಲ್ಲ.

ಎರಡು ದಿನ ಕಾರಣ ಹುಡುಕಿದೆವು. ಸ್ಟೆಬಿಲೈಜರನ್ನು ಬೇರೆ ಕೋಣೆಗೆ ಸಾಗಿಸಿದೆವು. ಕಬ್ಬಿಣದ ಬೀರು ಸರಿಸಿದೆವು. ಫ್ಯಾನು ನಿಲ್ಲಿಸಿ ಬೆವರಿನಲ್ಲಿ ಕೂತು ಅಳೆದೆವು. ದಿಬ್ಬ ಅಲ್ಲೇ ಇತ್ತು.

ಮೂರನೆಯ ದಿನ ಮೆಕ್ಯಾನಿಕ್ಕು ತಮ್ಮ ಸಪ್ಲೈ ಹೇಗಿದೆ ಎಂದು ನೋಡಲು ಬಂದರು. ನಾನು ಕಾಗದದ ಮೇಲೆ ದಿಬ್ಬ ಬರೆದು ತೋರಿಸಿ, ಎಲ್ಲಿಂದಲೋ ಮ್ಯಾಗ್ನೆಟ್ಟಿನ ಕಾಟ ಅಂದೆ. ಅವರು ಯಂತ್ರದ ಸುತ್ತ ಒಂದು ಸುತ್ತು ಬಂದರು.

"ಇದನ್ನ ಮೂರು ವರ್ಷ ಎಲ್ಲಿ ಇಟ್ಟಿದ್ರಿ ಸರ್?"

"ಸ್ಟೋರ್‌ದಾಗ್ರಿ" ಎಂದರು ಅಧ್ಯಾಪಕರು.

"ಜರಾ ತೋರಸ್ರಿ."

ಸ್ಟೋರಿನ ಬಾಗಿಲಲ್ಲೇ ಅವರು ನಿಂತುಬಿಟ್ಟರು. ಸ್ಪೀಕರ್ ಡಬ್ಬಿಗಳನ್ನು ತೋರಿಸಿ ಕೇಳಿದರು, "ಇವುಗಳ ಬಾಜೂಕ ಇಟ್ಟಿದ್ರೇನು?"

"ಹೌದ್ರಿ, ನಡುವ."

"ಅಕ್ಕಾರ, ಕಲರ್ ಟಿವಿ ಪಕ್ಕ ಸ್ಪೀಕರ್ ಇಟ್ರ ಮೂಲ್ಯಾಗ ಹಸರು, ನೀಲಿ ಕಲೆ ಬೀಳ್ತಿತ್ತು, ನೆನಪೈತೇನು? ಸ್ಪೀಕರ್ ತೆಗೆದ್ರೂ ಕಲೆ ಹೋಗ್ತಿರಲಿಲ್ಲ. ಒಳಗಿನ ತಗಡು ಮ್ಯಾಗ್ನೆಟ್ ಹಿಡಕೊಂಡು ಬಿಡ್ತಿತ್ತು. ಈಗ ನಿಮ್ಮ ಯಂತ್ರದಾಗೂ ಅಂಥಾ ತಗಡು ಐತೇನು?"

ಇತ್ತು. ಹೊರಗಿನ ಕಾಂತದಿಂದ ಕೊಳವೆಯನ್ನು ಕಾಪಾಡಲೆಂದೇ ಅದರ ಸುತ್ತ ವಿಶೇಷ ಲೋಹದ ಕವಚವಿರುತ್ತದೆ. ಕಾಯುವ ಕವಚವೇ ಮೂರು ವರ್ಷ ಸ್ಪೀಕರುಗಳ ನಡುವೆ ಕೂತು ಕಾಂತವಾಗಿತ್ತು. ಇಪ್ಪತ್ತೆಂಟು ವರ್ಷ ಈ ಯಂತ್ರ ನೋಡಿದ ನನಗೆ ಅದು ಹೊಳೆದಿರಲಿಲ್ಲ. ನಮ್ಮ ಲ್ಯಾಬಿನ ಹತ್ತಿರ ಯಾರೂ ಸ್ಪೀಕರ್ ತಂದಿರಲಿಲ್ಲವಲ್ಲ.

ಮದ್ದು ಇಬ್ಬರಿಗೂ ಗೊತ್ತಿತ್ತು. ಕವಚದ ಕಾಂತತ್ವ ಇಳಿಸಲು ಒಳಗೆ ಒಂದು ತಂತಿಯ ಸುತ್ತನ್ನು ತಯಾರಕರೇ ಇಟ್ಟಿರುತ್ತಾರೆ. ಒಲೆ ಆರಿಸಿ, ಅದಕ್ಕೆ ಎಸಿ ಕರೆಂಟನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ, ಇನ್ನೂ ಮೆಲ್ಲಗೆ ಸೊನ್ನೆಗೆ ಇಳಿಸಬೇಕು. ಇಳಿಸುವ ಕೈ ನಡುಗಬಾರದು. ಮಧ್ಯೆ ಕರೆಂಟು ಹೋದರಂತೂ ಆ ಕ್ಷಣದ ಕಾಂತ ಹಾಗೇ ಕವಚದಲ್ಲಿ ಕೂತುಬಿಡುತ್ತದೆ.

ಮೊದಲ ಸಲ ಅದೇ ಆಯಿತು. ಹನ್ನೊಂದು ಗಂಟೆಗೆ ಶುರುಮಾಡಿ ಅರ್ಧ ಇಳಿಸುವಷ್ಟರಲ್ಲಿ ಊರಿನ ಕರೆಂಟು ಹೋಯಿತು. ಅಳೆದು ನೋಡಿದರೆ ದಿಬ್ಬ ಐವತ್ತು ಸಾವಿರ ದಾಟಿ ಕೂತಿತ್ತು. ಅಧ್ಯಾಪಕರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು.

"ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಐತಲ್ರಿ, ಅದರ ಮ್ಯಾಲ ಮಾಡೋಣು" ಎಂದರು ಮೆಕ್ಯಾನಿಕ್ಕು.

ಯುಪಿಎಸ್ಸಿನಿಂದ ವರಾಂಡದುದ್ದಕ್ಕೂ ವೈರು ಎಳೆದರು. ಮಧ್ಯಾಹ್ನ ಮೂರಕ್ಕೆ ಮತ್ತೆ ಕೂತೆವು. ಈ ಸಲ ನಾನು ಮೆಕ್ಯಾನಿಕ್ಕಿಗೆ, "ಕೈ ನಿಮ್ಮದಿರಲಿ" ಅಂದೆ. ಸಾವಿರಾರು ಟಿವಿಗಳ ಮುಂದೆ, ಕಾಂತದ ಕಲೆ ತೆಗೆಯುವ ಡಿಗಾಸ್ ಕಾಯಿಲ್ ಹಿಡಿದು ಮೆಲ್ಲಗೆ ಹಿಂದೆ ಸರಿದ ಕೈ ಅದು. ಅವರು ಕುರ್ಚಿ ಎಳೆದು ಕೂತು, ಮೊಣಕೈಯನ್ನು ಮೇಜಿಗೆ ಊರಿ, ವೋಲ್ಟೇಜು ಇಳಿಸುವ ಗುಂಡಿಯನ್ನು ತಿರುಗಿಸತೊಡಗಿದರು. ಪೂರಾ ಇಳಿಯಲು ಹದಿನಾಲ್ಕು ನಿಮಿಷ ಹಿಡಿಯಿತು. ಆ ಹದಿನಾಲ್ಕು ನಿಮಿಷ ಅವರು ಗುಂಡಿಯಿಂದ ಕಣ್ಣು ಕೀಳಲಿಲ್ಲ.

ಒಲೆ ಮತ್ತೆ ಹೊತ್ತಿಸಿ, ಬೀಮ್ ನೆಲೆಗೊಂಡ ಮೇಲೆ ಹಂಪಸಾಗರದ ಹುಡುಗಿ ಜನರೇಟರ್ ಹಿಡಿದಳು. ಒಂದೊಂದೇ ಅಂಕಿ ಓದುತ್ತಾ ಬಂದಳು. ನಲವತ್ತೆರಡು ಸಾವಿರದ ಒಂಬೈನೂರು. ಮುಳ್ಳು ಸೂಜಿಯಂತೆ ಎದ್ದು ಇಳಿಯಿತು. ದಿಬ್ಬವಿಲ್ಲ.

"ಮೇಡಂ" ಎಂದಳು, ಬೆರಳಿನಿಂದ ಮೀಟರು ತೋರಿಸಿದಳು.

ಉಳಿದ ಎಂಬತ್ತು ಹರ್ಟ್ಸ್ ಹೊಂದಿಸಲು ಈಗ ತಿರುಪು ಮುಟ್ಟಿದೆವು. ಗ್ರಾಫಿನ ಗೆರೆ ನೋಡಿಕೊಂಡಲ್ಲ, ಪರಮಾಣುಗಳು ಹೇಳಿದ ಅಂಕಿ ನೋಡಿಕೊಂಡು. ಹೊಂದಿಸಿ ಮುಚ್ಚಳ ಹಾಕಿ ಯಾರೂ ತೆರೆಯದಂತೆ ಗುರುತು ಮಾಡಬೇಕಿತ್ತು. ಕೊಟ್ಟೂರಿನ ಹುಡುಗಿ ಬ್ಯಾಗಿನಿಂದ ಉಗುರುಬಣ್ಣ ತೆಗೆದು ತಿರುಪಿನ ಮೇಲೆ ಒಂದು ಹನಿ ಬಿಟ್ಟಳು. ನಾನು ಯಂತ್ರದ ದಾಖಲೆ ಪುಸ್ತಕದಲ್ಲಿ ಎಲ್ಲವನ್ನೂ ಬರೆದೆ: ಸ್ಪೀಕರು, ಹನ್ನೆರಡು ದಿನದ ಕೆಟ್ಟ ಲೆಕ್ಕ, ನಾನು ಅಳೆಯದೆ ಬಿಟ್ಟದ್ದು, ಕರೆಂಟು ಹೋದದ್ದು, ಸರಿಪಡಿಸಿದವರ ಹೆಸರು.

ಅಧಿಕಾರಿ ಬರುವ ಹೊತ್ತಿಗೆ ನಮ್ಮ ಹತ್ತಿರ ಹತ್ತು ದಿನದ ಗ್ರಾಫು ಇತ್ತು. ಹತ್ತೂ ದಿನ ಸೇರಿ ಒಂದು ಮೈಕ್ರೋಸೆಕೆಂಡು ಕೂಡ ಸರಿದಿರಲಿಲ್ಲ. ಆದರೆ ಪ್ರಾಜೆಕ್ಟಿಗೆ ವಿಶ್ವವಿದ್ಯಾಲಯದವರು ತಿಂಗಳ ಲೆಕ್ಕ ಕೇಳಿದ್ದರು.

ಬಂದವರು ಮಿತಭಾಷಿ, ಶಿವಮೊಗ್ಗ ಕಡೆಯ ಮಾತು. ಗ್ರಾಫು ನೋಡುವ ಮೊದಲು ಪುಸ್ತಕ ಕೇಳಿದರು. ನಿಂತೇ ಓದಿದರು, ಆಮೇಲೆ ಕುರ್ಚಿ ಎಳೆದು ಕೂತು ಓದಿದರು. ನನ್ನ ಕಡೆ ತಿರುಗಿ ಕೇಳಿದರು, "ಅಳೆಯದೆ ಬಿಟ್ಟೆ ಅಂತ ನೀವೇ ಬರೆದಿದ್ದೀರಲ್ಲ?"

"ಹೌದು. ಬಿಟ್ಟಿದ್ದೆ."

ಅವರು ತಲೆಯಾಡಿಸಿ, ಹುಡುಗಿಯರ ಕಡೆ ನೋಡಿ, "ಹನ್ನೆರಡು ದಿನದ ಗೆರೆ ಏಕೆ ಏರಿತ್ತು? ಯಾರಾದರೂ ಒಬ್ಬರು ಹೇಳಿ" ಎಂದರು.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಕೊಟ್ಟೂರಿನ ಹುಡುಗಿ ಎದ್ದು ನಿಂತಳು. ಸ್ಪೀಕರಿನಿಂದ ಶುರುಮಾಡಿ, ಕವಚ, ದಿಬ್ಬ, ಕರೆಂಟು ಹೋಗಿ ಕೆಟ್ಟದ್ದು, ಕೊನೆಗೆ ಚೂಪಾದ ಮುಳ್ಳು, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ವಿವರಿಸಿದಳು. ಹತ್ತು ನಿಮಿಷ ಮಾತಾಡಿದಳು. ಅಧಿಕಾರಿ ನಡುವೆ ಮೂರು ಪ್ರಶ್ನೆ ಕೇಳಿದರು. ಎರಡಕ್ಕೆ ಉತ್ತರ ಕೊಟ್ಟಳು, ಮೂರನೆಯದಕ್ಕೆ "ಅದನ್ನ ನಾವು ಅಳದಿಲ್ರಿ" ಅಂದಳು.

ಅವರು ಕಾಗದದ ಮೇಲೆ ಸಹಿ ಮಾಡಿದರು. ಯಂತ್ರ ಇಲ್ಲೇ ಇರಲಿ ಎಂದು ಬರೆದು, ಪ್ರಾಜೆಕ್ಟಿಗೆ ಎರಡೂ ಗ್ರಾಫುಗಳನ್ನು ಸೇರಿಸಿಕೊಳ್ಳಬಹುದೆಂದು ವಿಶ್ವವಿದ್ಯಾಲಯಕ್ಕೆ ತಾವೇ ಶಿಫಾರಸು ಕಳಿಸುವುದಾಗಿ ಹೇಳಿದರು. ಅಧ್ಯಾಪಕರು ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದು ನನ್ನೆದುರು ಕೂತರು. ಎರಡೂ ಕೈಯಿಂದ ಮುಖ ಒರೆಸಿಕೊಂಡರು.

"ಮೇಡಂ, ಆವತ್ತು ತಿರುಪು ತಿರುವಿದ್ರ ಆ ಹುಡುಗಿ ಇವತ್ತು ಏನಂತ ಹೇಳ್ತಿದ್ಲು?"

ಬ್ಯಾಗಿನಿಂದ ಫೋನು ತೆಗೆದೆ. ಬೇರೆ ಊರಿಗೆ ವರ್ಗವಾಗಿದ್ದ ಆ ಸಹೋದ್ಯೋಗಿಯ ನಂಬರನ್ನು ಹಳೆಯ ಗೆಳತಿಯೊಬ್ಬಳಿಂದ ಮೂರು ದಿನದ ಹಿಂದೆ ಪಡೆದಿದ್ದೆ. ಅವರೂ ನಿವೃತ್ತರು. ಕಾಲೇಜಿನ ಮೆಟ್ಟಿಲ ಮೇಲೆ ಕೂತು ಫೋನು ಮಾಡಿ, ಆವತ್ತು ತಿರುಪು ತಿರುಗಿಸಿದವಳು ನಾನು ಎಂದು ಹೇಳಿದೆ. "ಇಷ್ಟು ವರ್ಷ ಆ ಯಂತ್ರಕ್ಕೇ ಬೈಕೊಂಡಿದ್ದೆ" ಎಂದರು ಅವರು. ನಂತರ ಆರೋಗ್ಯ ವಿಚಾರಿಸಿದರು. ಕ್ಷಮಿಸಿದೆ ಅನ್ನಲಿಲ್ಲ. ಮತ್ತೆ ಯಾವಾಗಲಾದರೂ ಫೋನು ಮಾಡಿ ಅಂದರು.

ಆ ವಾರ ನಾನು ಹಡಗಲಿಯಲ್ಲೇ ಉಳಿದೆ. ಒಂದು ಮಧ್ಯಾಹ್ನ ಗಾಳಿ ಎದ್ದು ಎಲ್ಲ ಕಡೆ ಕರೆಂಟು ಹೋಯಿತು. ನಾನು ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೋಗಲೇ ಬೇಡವೇ ಎಂದು ಬಾಗಿಲಲ್ಲಿ ನಿಂತಿದ್ದಾಗ ಹಂಪಸಾಗರದ ಹುಡುಗಿಯ ಫೋನು ಬಂತು.

"ಮೇಡಂ, ಇಲ್ಲಿ ಕರೆಂಟ್ ಹೋಗೈತ್ರಿ. ಯಂತ್ರ ಯುಪಿಎಸ್ ಬ್ಯಾಟರಿ ಮ್ಯಾಲ ಐತಿ, ಲಾಕ್ ಬಿಟ್ಟಿಲ್ಲ. ಪಂಪಿನ ಕರೆಂಟು ಎರಡ ಮೈಕ್ರೋ ಆಂಪಿಯರ್ ಐತಿ. ಬುಕ್ಕಿನ್ಯಾಗ ಬರದೀವಿ. ನೀವೇನು ಬರೋದು ಬ್ಯಾಡ್ರಿ, ನಾವು ಅದೀವಿ."

"ಆತವ್ವ" ಅಂದೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಕಿಟಕಿ ತೆರೆದು, ಹಾಸಿಗೆ ಬಿಚ್ಚಿ ಮಲಗಿದೆ. ಸಂಜೆ ಕರೆಂಟು ಬಂದದ್ದೂ ನನಗೆ ಗೊತ್ತಾಗಲಿಲ್ಲ.